ಮಾನ್ವಿಯಲ್ಲಿ ಹುಲ್ಲಿಗೆ ಬೆಂಕಿ, ದೇವದುರ್ಗದಲ್ಲಿ ಮೇವಿಗೆ ಬರ

ರಾಯಚೂರು: ಭತ್ತದ ಕೊಯ್ಲು ಮುಗಿದ ಕೆಲವೇ ದಿನಗಳಲ್ಲಿ ಮಾನ್ವಿ, ಸಿರವಾರ ಭಾಗದ ಗದ್ದೆಗಳಿಂದ ಹೊಗೆ ಏಳುವುದು ಈಗ ಯಾರಿಗೂ ಸುದ್ದಿಯಾಗಿ ಉಳಿದಿಲ್ಲ. ಕಾಳು ಗಿರಣಿ ಸೇರುತ್ತದೆ, ಹುಲ್ಲು ಬೂದಿಯಾಗುತ್ತದೆ. ಅದೇ ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಖುಷ್ಕಿ ಹಳ್ಳಿಗಳಲ್ಲಿ ಬೇಸಿಗೆ ಕಾಲಿಡುವ ಹೊತ್ತಿಗೆ ಬಣವೆಗಳು ಕರಗಿರುತ್ತವೆ. ದುಡಿಯಲು ಗುಳೆ ಹೊರಟ ಕುಟುಂಬ ಎತ್ತುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಬೇಕೋ, ಮನೆಯಲ್ಲಿ ಉಳಿದ ವೃದ್ಧರ ಪಾಲಿಗೆ ಬಿಡಬೇಕೋ ಎಂಬ ಚಿಂತೆಗೆ ಬೀಳುತ್ತದೆ.

ಈ ಎರಡು ದೃಶ್ಯಗಳ ನಡುವಿನ ಅಂತರ ಕೆಲವೇ ಹತ್ತು ಕಿಲೋಮೀಟರ್‌ಗಳದ್ದು. ಒಣಹುಲ್ಲನ್ನು ಕೆಡದಂತೆ ಉಳಿಸುವ, ಅದರ ಸತ್ವ ಹೆಚ್ಚಿಸುವ ವಿಧಾನಗಳು ದೇಶದಲ್ಲಿ ನಾಲ್ಕು ದಶಕಗಳಿಂದ ಬಳಕೆಗೆ ಲಭ್ಯ ಇವೆ. ಅದಕ್ಕೆ ಬೇಕಾದ ಸಾಮಗ್ರಿ ಪ್ರತಿ ಹಳ್ಳಿಯ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಹಾಗಿದ್ದೂ ಹುಲ್ಲು ಉರಿಯುತ್ತಿದೆ, ದನ ಹಸಿಯುತ್ತಿದೆ ಎಂದಾದರೆ ತೊಡಕು ವಿಜ್ಞಾನದಲ್ಲಿಲ್ಲ, ಬೇರೆಲ್ಲೋ ಇದೆ ಎಂದೇ ಅರ್ಥ.

ಎರಡು ನದಿ, ಎರಡು ಬೇಸಾಯ

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ದೋಆಬ್ ನಾಡಿನಲ್ಲಿ ನೀರಿದ್ದವರ ಬೇಸಾಯವೇ ಬೇರೆ, ಇಲ್ಲದವರ ಬೇಸಾಯವೇ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ತಾಲ್ಲೂಕುಗಳನ್ನು ಭತ್ತದ ಕಣಜವಾಗಿಸಿತು. ಮಾನ್ವಿ ಮತ್ತು ರಾಯಚೂರು ತಾಲ್ಲೂಕಿನ ಕೊನೆಭಾಗದ ರೈತರು ಪ್ರತಿ ವರ್ಷ ನೀರಿಗಾಗಿ ಬೀದಿಗಿಳಿಯಬೇಕಾದ ಸ್ಥಿತಿ ಇದ್ದರೂ, ನೀರು ಬಂದ ಕಡೆ ಬೆಳೆ ಭತ್ತವೇ. ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಅಲ್ಲಿಯೂ ಒಂದಷ್ಟು ಭೂಮಿ ಹಸಿರಾಗಿದೆ. ಆದರೆ ಕಾಲುವೆ ಮುಟ್ಟದ ಹಳ್ಳಿಗಳೇನೂ ಕಡಿಮೆಯಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿತ್ತು.

ಖುಷ್ಕಿ ಭೂಮಿಯ ಹಳೆಯ ಲೆಕ್ಕಾಚಾರದಲ್ಲಿ ಮೇವಿಗೆ ಪ್ರತ್ಯೇಕ ಸ್ಥಾನವೇ ಇರಲಿಲ್ಲ, ಏಕೆಂದರೆ ಅದು ಬೆಳೆಯೊಂದಿಗೇ ಬರುತ್ತಿತ್ತು. ಹಿಂಗಾರಿ ಬಿಳಿಜೋಳ ಬಿತ್ತಿದರೆ ತೆನೆ ಮನುಷ್ಯನಿಗೆ, ಕಣಿಕೆ ದನಕ್ಕೆ. ಶೇಂಗಾ ಹೊಟ್ಟು, ತೊಗರಿ ಹೊಟ್ಟು ಅದರ ಮೇಲಿನ ಆಸರೆ. ಜೋಳದ ಕಣಿಕೆ ಒಣಗಿದರೂ ರುಚಿ ಉಳಿಸಿಕೊಳ್ಳುವ ಮೇವು. ಚೆನ್ನಾಗಿ ಒಟ್ಟಿದ ಬಣವೆ ವರ್ಷ ಕಳೆದರೂ ಕೆಡುವುದಿಲ್ಲ. ಹತ್ತಿ ಈ ಲೆಕ್ಕವನ್ನು ಬುಡಮೇಲು ಮಾಡಿತು. 2002ರಲ್ಲಿ ದೇಶದಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ನಂತರ ಕಪ್ಪು ಭೂಮಿಯ ರೈತರು ಅದರತ್ತ ವಾಲಿದರು. ಹತ್ತಿ ಹಣ ತರುತ್ತದೆ, ಆದರೆ ಅದರ ಕಟ್ಟಿಗೆ ಒಲೆಗೆ ಸರಿಯೇ ಹೊರತು ಎತ್ತಿನ ಗೋದಲಿಗೆ ಅಲ್ಲ. ಜೋಳ ಕಡಿಮೆಯಾದ ಹಳ್ಳಿಯಲ್ಲಿ ಕಣಿಕೆಯೂ ಕಡಿಮೆಯಾಯಿತು. ಈ ನಷ್ಟವನ್ನು ಯಾವ ಇಲಾಖೆಯೂ ಬೆಳೆ ನಷ್ಟವೆಂದು ಎಣಿಸಲಿಲ್ಲ.

ಅತ್ತ ಮಾನ್ವಿಯಲ್ಲಿ ಹುಲ್ಲು ಹೆಚ್ಚಾಯಿತು, ಆದರೆ ಅದನ್ನು ಎತ್ತುವ ಕೈ ಕಡಿಮೆಯಾಯಿತು. ಆಳುಗಳು ಕುಡುಗೋಲು ಹಿಡಿದು ಕೊಯ್ದ ಕಾಲದಲ್ಲಿ ಹುಲ್ಲು ಸಿವುಡಾಗಿ ಕಣ ಸೇರುತ್ತಿತ್ತು. ಕಟಾವು ಯಂತ್ರ ಕಾಳನ್ನು ಟ್ರ್ಯಾಕ್ಟರ್‌ಗೆ ತುಂಬಿ, ಹುಲ್ಲನ್ನು ಗದ್ದೆಯಲ್ಲೇ ಚೆಲ್ಲಿ ಹೋಗುತ್ತದೆ. ಮುಂದಿನ ಬೆಳೆಗೆ ಕಾಲುವೆಯ ನೀರು ಯಾವ ದಿನ ಬರುತ್ತದೆ, ಯಾವ ದಿನ ನಿಲ್ಲುತ್ತದೆ ಎಂಬುದು ರೈತನ ಕೈಯಲ್ಲಿಲ್ಲ. ಗದ್ದೆ ಬೇಗ ತೆರವಾಗಬೇಕು. ಅದಕ್ಕೆ ಕಡ್ಡಿಪೆಟ್ಟಿಗೆಗಿಂತ ಅಗ್ಗದ ಉಪಾಯವಿಲ್ಲ. ಬೆಂಕಿ ಇಡುವ ರೈತನನ್ನು ಅವಿವೇಕಿ ಎಂದು ಬೈಯುವುದು ಸುಲಭ. ಅವನ ಸ್ಥಾನದಲ್ಲಿ ನಿಂತು ನೋಡಿದರೆ ಅದು ಲೆಕ್ಕ ಹಾಕಿಯೇ ಮಾಡಿದ ಕೆಲಸ.

ಆದರೆ ಆ ಲೆಕ್ಕದಲ್ಲಿ ಬಿಟ್ಟುಹೋದ ಅಂಕಿಗಳಿವೆ. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 5.5 ಕಿಲೋ ಸಾರಜನಕ, 2.3 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್ ನಷ್ಟವಾಗುತ್ತದೆಂಬುದು ಕೃಷಿ ವಿಜ್ಞಾನಿಗಳ ಅಂದಾಜು. ಅದನ್ನೇ ಮತ್ತೆ ಅಂಗಡಿಯಿಂದ ಚೀಲದಲ್ಲಿ ಕೊಳ್ಳಬೇಕು.

ನಾಲ್ಕು ಕಿಲೋ ಯೂರಿಯಾ, ಇಪ್ಪತ್ತೊಂದು ದಿನ

ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆ, ಮೈಗೆ ಹಿಡಿಯುವುದಿಲ್ಲ. ಅದರಲ್ಲಿ ಪ್ರೋಟೀನು ಶೇ 3ರಿಂದ 4ರಷ್ಟು ಮಾತ್ರ. ಸಿಲಿಕಾ ಅಂಶ ಹೆಚ್ಚು, ನಾರು ಗಡುಸು. ಬರಿಯ ಭತ್ತದ ಹುಲ್ಲು ತಿಂದ ರಾಸು ನಿಂತಲ್ಲೇ ಸೊರಗುತ್ತದೆ. ಈ ದೋಷ ಸರಿಪಡಿಸಲು ಕಂಡುಕೊಂಡ ಉಪಾಯವೇ ಯೂರಿಯಾ ಉಪಚಾರ.

ವಿಧಾನ ಸರಳ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು 40ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಪದರ ಪದರವಾಗಿ ಚಿಮುಕಿಸಬೇಕು. ತುಳಿದು ಗಟ್ಟಿಮಾಡಿ, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ 21 ದಿನ ಬಿಡಬೇಕು. ಯೂರಿಯಾ ಒಳಗೇ ಅಮೋನಿಯಾ ಆಗಿ ಹುಲ್ಲಿನ ಗಡಸು ನಾರನ್ನು ಸಡಿಲಿಸುತ್ತದೆ. ತೆಗೆದ ಹುಲ್ಲನ್ನು ಒಂದಷ್ಟು ಹೊತ್ತು ಗಾಳಿಗೆ ಹರವಿ, ಘಾಟು ಹೋದ ಮೇಲೆ ಹಾಕಬೇಕು. ಪ್ರೋಟೀನು ಅಂಶ ಹೆಚ್ಚೂಕಡಿಮೆ ಎರಡು ಪಟ್ಟಾಗಿ ಶೇ 7ರ ಆಸುಪಾಸಿಗೆ ಏರುತ್ತದೆ. ದನ ಹೆಚ್ಚು ತಿನ್ನುತ್ತದೆ, ತಿಂದದ್ದು ಹೆಚ್ಚು ಜೀರ್ಣವಾಗುತ್ತದೆ.

ಖರ್ಚಿನ ಮಾತು. 45 ಕಿಲೋ ಯೂರಿಯಾ ಚೀಲದ ದರ 266 ರೂಪಾಯಿ 50 ಪೈಸೆ. ಅಂದರೆ ಕ್ವಿಂಟಲ್ ಹುಲ್ಲಿಗೆ ತಗಲುವ ಯೂರಿಯಾ 24 ರೂಪಾಯಿಯದ್ದು. ಒಂದು ಜೊತೆ ಎತ್ತಿಗೆ ತಿಂಗಳಿಗೆ ನಾಲ್ಕು ಕ್ವಿಂಟಲ್ ಹುಲ್ಲು ಎಂದಿಟ್ಟುಕೊಂಡರೂ ನೂರು ರೂಪಾಯಿ ದಾಟದು. ಇಷ್ಟು ಅಗ್ಗದ ವಿದ್ಯೆಯನ್ನು ರೈತ ಯಾಕೆ ಕೈಗೆತ್ತಿಕೊಳ್ಳಲಿಲ್ಲ?

ಉತ್ತರ ನೀರಿನಲ್ಲಿದೆ. ಅದೇ ನಾಲ್ಕು ಕ್ವಿಂಟಲ್ ಹುಲ್ಲಿಗೆ 160ರಿಂದ 240 ಲೀಟರ್ ನೀರು ಬೇಕು. ಏಪ್ರಿಲ್‌ನಲ್ಲಿ ದೇವದುರ್ಗದ ದೊಡ್ಡಿ, ತಾಂಡಾಗಳಲ್ಲಿ ಕುಡಿಯುವ ನೀರಿಗೆ ಕೊಡಗಳ ಸಾಲು ನಿಲ್ಲುವಾಗ ಹುಲ್ಲಿಗೆ ನೀರು ಸುರಿಯಿರಿ ಎಂದರೆ ಯಾರು ಕೇಳುತ್ತಾರೆ? ತುಳಿಯಲು, ಮುಚ್ಚಲು ಆಳು ಬೇಕು. ಆಳುಗಳು ಬೆಂಗಳೂರಿನ ಕಟ್ಟಡಗಳಲ್ಲಿದ್ದಾರೆ. 2025ರ ಮುಂಗಾರಿನಲ್ಲಂತೂ ಬೆಳೆಗೇ ಯೂರಿಯಾ ಸಿಗದೆ ರಾಜ್ಯದ ಹಲವೆಡೆ ರೈತರು ಅಂಗಡಿಗಳ ಮುಂದೆ ಸಾಲುಗಟ್ಟಿದ್ದರು. ಅಂಥ ಹೊತ್ತಿನಲ್ಲಿ ಕೈಗೆ ಸಿಕ್ಕ ಚೀಲವನ್ನು ಹುಲ್ಲಿಗೆ ಸುರಿಯುವ ಧೈರ್ಯ ಯಾರಿಗೂ ಬರದು. ಇದರ ಮೇಲೆ ಭಯ ಬೇರೆ. ಯೂರಿಯಾ ನೀರು ಕುಡಿದ ದನ ಹೊಟ್ಟೆಯುಬ್ಬಿ ಸತ್ತ ಕಥೆ ಪ್ರತಿ ಊರಿನಲ್ಲೂ ಒಂದುಂಟು. ಆ ಭಯ ಸುಳ್ಳಲ್ಲ. ಕರಗದ ಹರಳು ಉಳಿದರೆ, ಅಳತೆ ತಪ್ಪಿದರೆ ರಕ್ತದಲ್ಲಿ ಅಮೋನಿಯಾ ಏರಿ ರಾಸು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಕೊಡಲೇಬಾರದು.

ಭಾರತ ಮತ್ತು ನೆದರ್ಲೆಂಡ್ಸ್ ಸಹಯೋಗದಲ್ಲಿ 1980ರ ದಶಕದಲ್ಲಿ ಆರಂಭವಾದ, ಬೆಳೆ ಉಳಿಕೆಗಳ ಸದ್ಬಳಕೆ ಕುರಿತ ಸಂಶೋಧನಾ ಯೋಜನೆಯೂ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದಿತ್ತು. ಒಣಹುಲ್ಲು ಹೇರಳವಾಗಿರುವ, ಹಸಿಮೇವು ಇಲ್ಲದ, ನೀರು ಸಿಗುವ, ಹಾಲಿಗೆ ಒಳ್ಳೆಯ ದರವಿರುವ ಕಡೆ ಮಾತ್ರ ರೈತ ಇದನ್ನು ಒಪ್ಪುತ್ತಾನೆ. ಉಳಿದೆಡೆ ಪ್ರಾತ್ಯಕ್ಷಿಕೆ ಮುಗಿದ ಮರುದಿನ ಮರೆಯುತ್ತಾನೆ. ಇಷ್ಟು ಹಿಂದೆಯೇ ಗೊತ್ತಾದ ಸಂಗತಿಯನ್ನು ಕಡೆಗಣಿಸಿ, ಇಂದಿಗೂ ಬರಪೀಡಿತ ಹಳ್ಳಿಯಲ್ಲೇ ಪ್ರಾತ್ಯಕ್ಷಿಕೆ ಏರ್ಪಡಿಸುವ ಪರಿಪಾಠ ನಿಂತಿಲ್ಲ.

ಅಲ್ಲಿ ಮಾಡುವುದು ಸುಲಭ, ಇಲ್ಲಿ ಬೇಕಿರುವುದು ಹುಲ್ಲು

ಮೇಲಿನ ನಾಲ್ಕು ಷರತ್ತುಗಳನ್ನು ಜಿಲ್ಲೆಯ ಭೂಪಟದ ಮೇಲಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹುಲ್ಲು, ನೀರು ಎರಡೂ ಇರುವುದು ಮಾನ್ವಿಯಲ್ಲಿ. ಹಸಿದ ದನ ಇರುವುದು ದೇವದುರ್ಗದಲ್ಲಿ. ಉಪಚಾರ ನಡೆಯಬೇಕಾದ್ದು ಹುಲ್ಲು ಬಿದ್ದಿರುವ ಜಾಗದಲ್ಲಿ, ಹುಲ್ಲು ಬೇಕಾದ ಜಾಗದಲ್ಲಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಮುಂಗಾರು ಭತ್ತದ ಕೊಯ್ಲು ನವೆಂಬರ್, ಡಿಸೆಂಬರ್‌ನಲ್ಲಿ ನಡೆಯುವಾಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಒಮ್ಮೊಮ್ಮೆ ಇಲ್ಲಿಯವರೆಗೂ ಮಳೆ ತರುತ್ತದೆ. ಬೇಸಿಗೆ ಬೆಳೆಯ ಕೊಯ್ಲಿಗೆ ಏಪ್ರಿಲ್, ಮೇ ತಿಂಗಳ ಗಾಳಿ ಮಳೆಯ ಕಾಟ. ಶೇ 20ಕ್ಕಿಂತ ಹೆಚ್ಚು ತೇವವಿರುವ ಹುಲ್ಲನ್ನು ಹಾಗೆಯೇ ಒಟ್ಟಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಬಿಸಿ ಮಿತಿ ಮೀರಿದರೆ ಬಣವೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳಲ್ಲಿ ಬಾಲ, ಕಿವಿ, ಗೊರಸಿನ ಭಾಗ ಕೊಳೆತು ಉದುರುವ ಡೆಗ್ನಾಲಾ ಎಂಬ ಕಾಯಿಲೆ ಭತ್ತದ ಸೀಮೆಗಳಲ್ಲಿ ಪಶುವೈದ್ಯರಿಗೆ ಪರಿಚಿತ. ಅಮೋನಿಯಾ ಬೂಷ್ಟನ್ನು ತಡೆಯುತ್ತದೆ. ಆದ್ದರಿಂದ ನೆನೆದ ಹುಲ್ಲಿಗೆ, ಬೂಷ್ಟು ಬರುವ ಮುನ್ನವೇ ಯೂರಿಯಾ ಹಾಕಿ ಮುಚ್ಚಿದರೆ ನೀರೂ ಉಳಿಯುತ್ತದೆ, ಹುಲ್ಲೂ ಉಳಿಯುತ್ತದೆ. ಒಮ್ಮೆ ಬೂಷ್ಟು ಹಿಡಿದದ್ದನ್ನು ಯಾವ ಉಪಚಾರವೂ ಶುದ್ಧ ಮಾಡದು.

ಹಾಗೆಂದು ಇದು ಸಲೀಸಾದ ಕೆಲಸವಲ್ಲ. ಒದ್ದೆ ಹುಲ್ಲು ಭಾರ, ಲಾರಿ ಬಾಡಿಗೆ ಏರುತ್ತದೆ. ಉಪಚರಿಸಿದ ಹುಲ್ಲನ್ನು ಒಣಗಿಸಿ ಯಂತ್ರದಿಂದ ಸುರುಳಿ ಕಟ್ಟಿದರೆ ಸ್ವಲ್ಪ ಅಮೋನಿಯಾ ಹೋದರೂ ನಾರು ಸಡಿಲಗೊಂಡ ಲಾಭ ಹೋಗುವುದಿಲ್ಲ. ಬಿಡಿ ಹುಲ್ಲಿನ ಲಾರಿಯೆಂದರೆ ಗಾಳಿಯನ್ನು ಸಾಗಿಸಿದಂತೆ; ಸುರುಳಿ ಕಟ್ಟಿದಾಗಲೇ ಸಾಗಣೆ ಗಿಟ್ಟುವುದು. ಹುಲ್ಲು ಸುರುಳಿ ಕಟ್ಟುವ ಬೇಲರ್ ಯಂತ್ರಗಳು ಭತ್ತದ ಸೀಮೆಗೆ ಬಂದಿವೆ. ಆದರೆ ಕಟ್ಟಿದ ಹುಲ್ಲು ಎತ್ತ ಹೋಗುತ್ತದೆ ಎಂಬುದು ಹೆಚ್ಚು ಹಣ ಕೊಡುವವರನ್ನು ಅವಲಂಬಿಸಿದೆ. ಉಷ್ಣ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನೊಂದಿಗೆ ಶೇ 5ರಷ್ಟು ಜೈವಿಕ ಉಂಡೆಗಳನ್ನು ಉರಿಸಬೇಕೆಂಬ ನೀತಿಯನ್ನು ಕೇಂದ್ರ ಇಂಧನ ಸಚಿವಾಲಯ 2021ರಲ್ಲಿ ಪ್ರಕಟಿಸಿತು. ಶಕ್ತಿನಗರದ ಚಿಮಣಿಗಳು ಇರುವ ಜಿಲ್ಲೆಯಲ್ಲಿ ಹುಲ್ಲಿಗೆ ಇಂಥ ಗಿರಾಕಿಗಳು ಹುಟ್ಟಿಕೊಂಡರೆ ಹೊಗೆಯೇನೋ ಗದ್ದೆಯಿಂದ ದೂರವಾದೀತು, ದನದ ಪಾಲು ಮಾತ್ರ ಹಾಗೆಯೇ ಉಳಿದೀತು.

ಕುದುರೆಗೆ ಇದು ಸಲ್ಲದು

ರಾಸಾಯನಿಕ ಬೆರೆತ ಮೇವೆಂದರೆ ಎಲ್ಲ ಪ್ರಾಣಿಗೂ ಒಂದೇ ಎಂಬ ತಪ್ಪು ತಿಳಿವಳಿಕೆಯಿಂದ ಅಪಾಯವಾಗುವುದು ಮುಖ್ಯವಾಗಿ ಕುದುರೆ ಸಾಕಿದವರಿಗೆ. ರಾಯಚೂರಿಗೂ ಕುದುರೆಗೂ ಹಳೆಯ ನಂಟು. ಕುದುರೆ ಖರೀದಿಗೆಂದು ಕೃಷ್ಣದೇವರಾಯ ಕೊಟ್ಟ 40 ಸಾವಿರ ಪರ್ದಾವ್ ನಾಣ್ಯಗಳೊಂದಿಗೆ ವ್ಯಾಪಾರಿಯೊಬ್ಬ ಆದಿಲ್ ಶಾಹಿಯ ಆಶ್ರಯಕ್ಕೆ ಓಡಿಹೋದದ್ದೇ 1520ರ ರಾಯಚೂರು ಯುದ್ಧಕ್ಕೆ ನೆಪವಾಯಿತೆಂದು ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ಅಂಥ ನೆಲದಲ್ಲಿ ಈಗ ಕುದುರೆ ಕಾಣುವುದು ಮದುವೆ ಮೆರವಣಿಗೆಯಲ್ಲಿ, ಇಲ್ಲವೇ ಕುರಿ ಹಿಂಡಿನೊಂದಿಗೆ ಊರೂರು ಅಲೆಯುವ ಕುರಿಗಾರರ ಹೊರೆ ಹೊರುವ ತಟ್ಟುವಾಗಿ. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಆರು ಲಕ್ಷಕ್ಕೂ ಹೆಚ್ಚಿದ್ದ ಕುದುರೆ ಮತ್ತು ತಟ್ಟುಗಳ ಸಂಖ್ಯೆ 2019ರ ಗಣತಿಯಲ್ಲಿ ಸುಮಾರು 3.4 ಲಕ್ಷಕ್ಕೆ ಕುಸಿದಿತ್ತು.

ದನ ಮೆಲುಕು ಹಾಕುತ್ತದೆ. ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಯೂರಿಯಾದ ಸಾರಜನಕವನ್ನು ಪ್ರೋಟೀನಾಗಿಸುತ್ತವೆ. ಕುದುರೆಗೆ ಆ ವ್ಯವಸ್ಥೆಯಿಲ್ಲ. ನಾರು ಕೊಳೆತು ಜೀರ್ಣವಾಗುವುದು ಕರುಳಿನ ಕೊನೆಯಲ್ಲಿ. ಅಲ್ಲಿಗೆ ತಲುಪುವ ಮೊದಲೇ ಯೂರಿಯಾದ ಬಹುಭಾಗ ರಕ್ತ ಸೇರಿ ಮೂತ್ರದಲ್ಲಿ ಹೋಗುತ್ತದೆ. ಆದ್ದರಿಂದ ಯೂರಿಯಾ ಉಪಚಾರದ ಹುಲ್ಲು ಕುದುರೆಗೆ ಲಾಭ ಕೊಡದು. ಭತ್ತದ ಹುಲ್ಲೇ ಅದರ ಮುಖ್ಯ ಆಹಾರವಾದರೆ ಕರುಳು ಕಟ್ಟಿಕೊಂಡು ಉದರಶೂಲೆ ಬರುವ ಅಪಾಯವಿದೆ. ಕುದುರೆಗೆ ವಾಂತಿ ಮಾಡಲೂ ಬಾರದು. ಬೂಷ್ಟು ಹಿಡಿದದ್ದು ಒಳಗೆ ಹೋದರೆ ಹೊರಬರುವ ದಾರಿ ಇಲ್ಲ.

ಪಾಶ್ಚಾತ್ಯ ದೇಶಗಳಲ್ಲಿ ಕುದುರೆಗೆ ಹಾಕುವ ಒಣಹುಲ್ಲಿಗೆ ಬಳಸುವ ಸಂರಕ್ಷಕವೇ ಬೇರೆ. ಅದು ಪ್ರೊಪಿಯಾನಿಕ್ ಆಮ್ಲ. ಹುಲ್ಲು ಪೂರ್ತಿ ಒಣಗುವ ಮುನ್ನ ಮಳೆಯ ಸೂಚನೆ ಕಂಡರೆ ಕಟ್ಟುವಾಗಲೇ ಇದನ್ನು ಸಿಂಪಡಿಸುತ್ತಾರೆ. ಕುದುರೆಯ ಕರುಳಿನಲ್ಲಿ ನಾರು ಜೀರ್ಣವಾಗುವಾಗ ಇದೇ ಆಮ್ಲ ಸಹಜವಾಗಿ ಹುಟ್ಟುತ್ತದೆ. ಹಾಗಾಗಿ ಸರಿಯಾದ ಪ್ರಮಾಣದಲ್ಲಿ ಬಳಸಿದ ಹುಲ್ಲಿನಿಂದ ತೊಂದರೆ ಕಂಡುಬಂದಿಲ್ಲ ಎನ್ನುತ್ತವೆ ಅಮೆರಿಕದಲ್ಲಿ ನಡೆದ ಪ್ರಯೋಗಗಳು. ಎರಡನ್ನೂ ಮುಂದಿಟ್ಟರೆ ಕುದುರೆ ಸಿಂಪಡಿಸದ ಹುಲ್ಲಿಗೇ ಮೊದಲು ಬಾಯಿ ಹಾಕಿತೆಂಬುದೂ ಅದೇ ಪ್ರಯೋಗಗಳ ಫಲಿತಾಂಶ. ರಾಯಚೂರಿನ 40 ಡಿಗ್ರಿ ಬಿಸಿಲಿನಲ್ಲಿ ಹುಲ್ಲು ಒಣಗಿಸಲು ಆಮ್ಲದ ಹಂಗು ಬೇಕಿಲ್ಲ. ಮಳೆಗೆ ಸಿಕ್ಕದಂತೆ ಒಂದು ತಗಡಿನ ಚಪ್ಪರ ಸಾಕು.

ಕುದುರೆ ಸಾಕಿದವರು ನಿಜವಾಗಿ ಅಂಜಬೇಕಾದ್ದು ಇನ್ನೊಂದಕ್ಕೆ. ದನ, ಕೋಳಿಗಳ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿರುತ್ತದೆ. ದನಕ್ಕೆ ಹಿತವಾದ ಪ್ರಮಾಣವೂ ಕುದುರೆಯ ಹೃದಯದ ಸ್ನಾಯುವನ್ನು ಹಾಳುಗೆಡವಬಲ್ಲದು. ಮೇವಿನ ಅಭಾವದ ದಿನಗಳಲ್ಲಿ ಕೈಗೆ ಸಿಕ್ಕ ಚೀಲ ಬಿಚ್ಚಿ ಎಲ್ಲ ಪ್ರಾಣಿಗೂ ಸುರಿಯುವಾಗ ಈ ಅನಾಹುತ ಆಗುವ ಸಂಭವ ಹೆಚ್ಚು.

ದನಗಳ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಉಪಚಾರ ಬೇಕಿರುವುದು ಕಳಪೆ ಹುಲ್ಲಿಗೆ ಮಾತ್ರ. ಸಕ್ಕರೆ ಅಂಶ ಹೆಚ್ಚಿರುವ ಉತ್ತಮ ಮೇವಿಗೆ ಅಮೋನಿಯಾ ಸೇರಿಸಿದಾಗ ನಂಜಿನ ವಸ್ತು ಹುಟ್ಟಿ ರಾಸುಗಳು ದಿಕ್ಕೆಟ್ಟು ಓಡಿ ಗೋಡೆ, ಬೇಲಿಗೆ ಡಿಕ್ಕಿ ಹೊಡೆದ ಪ್ರಕರಣಗಳು ಹೊರದೇಶಗಳಲ್ಲಿ ವರದಿಯಾಗಿವೆ. ಒಳ್ಳೆಯ ಜೋಳದ ಕಣಿಕೆ ಇದ್ದವರು ಅದನ್ನು ಹಾಗೆಯೇ ಹಾಕುವುದು ಲೇಸು.

ವಾರಗಳ ಲೆಕ್ಕದಲ್ಲಿ ಮೇವು

2023ರಲ್ಲಿ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತ್ತು. ಅಂಥ ವರ್ಷಗಳಲ್ಲಿ ಜಿಲ್ಲಾ ಮಟ್ಟದ ಪ್ರತಿ ಸಭೆಯಲ್ಲೂ ಕೇಳಿಬರುವ ಮಾತೊಂದಿದೆ: ಜಿಲ್ಲೆಯಲ್ಲಿ ಇಷ್ಟು ವಾರಗಳಿಗೆ ಸಾಲುವಷ್ಟು ಮೇವಿದೆ. ಈ ಲೆಕ್ಕ ಹುಟ್ಟುವುದು ಬಿತ್ತನೆ ಪ್ರದೇಶ, ಇಳುವರಿ ಅಂದಾಜಿನಿಂದ. ಭತ್ತ ಇಷ್ಟು ಬೆಳೆದಿದೆ, ಆದ್ದರಿಂದ ಹುಲ್ಲು ಇಷ್ಟಿರಬೇಕು. ಅದನ್ನು ರಾಸುಗಳ ಸಂಖ್ಯೆಯಿಂದ ಭಾಗಿಸಿದರೆ ವಾರ ಸಿಗುತ್ತದೆ. ಸುಟ್ಟ ಹುಲ್ಲು, ಕೊಳೆತ ಹುಲ್ಲು, ನೆರೆ ರಾಜ್ಯಕ್ಕೆ ಲಾರಿ ಹತ್ತಿದ ಹುಲ್ಲು ಕಾಗದದ ಮೇಲೆ ಹಾಗೆಯೇ ಉಳಿದಿರುತ್ತದೆ. ಮಾನ್ವಿಯ ಗದ್ದೆಯಲ್ಲಿರುವ ಟನ್ನು ದೇವದುರ್ಗದ ಕೊಟ್ಟಿಗೆಯಲ್ಲಿ ಇದ್ದಂತೆಯೇ ಎಂದು ಭಾವಿಸಲಾಗುತ್ತದೆ. ಶೇ 3 ಪ್ರೋಟೀನಿನ ಹುಲ್ಲೂ ಮೇವೇ, ಕಣಿಕೆಯೂ ಮೇವೇ.

ಆಮೇಲೆ ಮೇವು ಬ್ಯಾಂಕ್ ತೆರೆಯುವ ಸರದಿ. ಆ ವೇಳೆಗೆ ಬೇಸಿಗೆ ನಡುಮಧ್ಯೆ ಬಂದಿರುತ್ತದೆ, ಗದ್ದೆಯಲ್ಲಿ ಪುಕ್ಕಟೆ ಬಿದ್ದಿದ್ದ ಹುಲ್ಲಿಗೆ ಟೆಂಡರ್ ದರ ಬಂದಿರುತ್ತದೆ. ನೀರಾವರಿ ರೈತರಿಗೆ ಹಂಚುವ ಮೇವಿನ ಬೀಜದ ಮಿನಿಕಿಟ್‌ಗಳೂ ಕಾಲುವೆಯಲ್ಲಿ ನೀರಿದ್ದರೆ ಮಾತ್ರ ಕೆಲಸಕ್ಕೆ ಬರುವಂಥವು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ಕಾಲುವೆಯ ಭರವಸೆ ಎಷ್ಟು ತೆಳುವಾದದ್ದು ಎಂಬುದು ಬಯಲಾಯಿತು. ಗೇಟ್ ಹೋದರೆ ಭತ್ತವಿಲ್ಲ, ಭತ್ತವಿಲ್ಲದಿದ್ದರೆ ಸುಡಲಿಕ್ಕೂ ಹುಲ್ಲಿಲ್ಲ. ಹುಲ್ಲು ಇರುವ ವರ್ಷದಲ್ಲೇ ಅದನ್ನು ಕೂಡಿಡಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಹಣವಿಲ್ಲವೆಂದು ಹೇಳುವಂತಿಲ್ಲ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ರಸಮೇವು, ಮೇವಿನ ಇಟ್ಟಿಗೆ ತಯಾರಿಸುವ ಘಟಕಗಳಿಗೆ ಶೇ 50ರಷ್ಟು, ಗರಿಷ್ಠ 50 ಲಕ್ಷ ರೂಪಾಯಿ ಸಹಾಯಧನವಿದೆ. ಆದರೆ ಉಳಿದರ್ಧ ಹಣವನ್ನು ಸ್ವಂತ ಅಥವಾ ಸಾಲವಾಗಿ ತರಬಲ್ಲವರು ಯಾರು? ಎರಡು ಎಕರೆ, ಒಂದು ಜೊತೆ ಎತ್ತು, ಒಂದು ಎಮ್ಮೆಯ ಒಡೆಯ ಖಂಡಿತ ಅಲ್ಲ. ಹಾಲು ಉತ್ಪಾದಕರ ಸಹಕಾರ ಸಂಘಗಳು ಮುಂದೆ ಬರಬಹುದಿತ್ತು. ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ರಾಬಕೊವಿ ಹಾಲು ಒಕ್ಕೂಟದ ವ್ಯಾಪ್ತಿಗೆ ರಾಯಚೂರು ಜಿಲ್ಲೆಯೂ ಸೇರಿದೆ. ಹಾಲು ಸಂಗ್ರಹದ ಲಾರಿ ಓಡಾಡುವ ದಾರಿಯಲ್ಲೇ ಹುಲ್ಲಿನ ಸುರುಳಿಯೂ ಬರಬಹುದು. ಆದರೆ ಡೇರಿಗೆ ಹಾಲು ಹಾಕದ, ಕೇವಲ ಉಳುಮೆಯ ಎತ್ತು ಸಾಕಿದ ರೈತ ಇಂಥ ಸಂಘದ ಲೆಕ್ಕಕ್ಕೇ ಬರುವುದಿಲ್ಲ. ದೇವದುರ್ಗದ ಖುಷ್ಕಿ ಹಳ್ಳಿಗಳಲ್ಲಿ ಮೇವಿಲ್ಲದೆ ಮೊದಲು ಸಂತೆ ಸೇರುವುದು ಅವನ ಎತ್ತುಗಳೇ.

ರಾಯಚೂರಿನಲ್ಲಿ 2008ರಿಂದ ಸ್ವತಂತ್ರ ಕೃಷಿ ವಿಶ್ವವಿದ್ಯಾಲಯವಿದೆ, ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯಿದೆ. ಸೂತ್ರ ಹೇಳಿಕೊಡುವವರಿಗೆ ಕೊರತೆಯಿಲ್ಲ. ಕೊಯ್ಲಿನ ವಾರದಲ್ಲಿ ಕಟಾವು ಯಂತ್ರದ ಹಿಂದೆಯೇ ಬೇಲರ್ ಕಳಿಸುವವರು ಯಾರು, ಮಾನ್ವಿಯ ರೈತನಿಗೆ ಗದ್ದೆ ತೆರವು ಮಾಡಿಕೊಟ್ಟು ಹುಲ್ಲು ಪಡೆಯುವವರು ಯಾರು, ಸುರುಳಿಗಳನ್ನು ದೇವದುರ್ಗದ ಯಾವ ಚಪ್ಪರದಡಿ ಇಳಿಸಬೇಕು, ಬಾಡಿಗೆ ಯಾವ ಲೆಕ್ಕ ಶೀರ್ಷಿಕೆಯಿಂದ ಎಂಬ ನಾಲ್ಕು ಪ್ರಶ್ನೆಗಳು ಕೃಷಿ, ಪಶುಪಾಲನೆ, ಕಂದಾಯ ಮತ್ತು ಪಂಚಾಯತ್ ರಾಜ್ ಇಲಾಖೆಗಳ ನಡುವೆ ಹಂಚಿಹೋಗಿವೆ. ಇವುಗಳನ್ನು ಬರ ಘೋಷಣೆಯಾದ ಮೇಲೆ ಅಲ್ಲ, ನವೆಂಬರ್‌ನಲ್ಲಿ ಮೊದಲ ಯಂತ್ರ ಗದ್ದೆಗಿಳಿಯುವ ಮುನ್ನ ನಡೆಯುವ ಸಭೆಯಲ್ಲಿ ಕೇಳಬೇಕಾಗಿದೆ. ಬೆಂಕಿ ಬೀಳುವುದು ಕಟಾವಾದ ಮೂರು ನಾಲ್ಕು ದಿನಗಳೊಳಗೆ.